ಆಲೆಮನೆ ಹೊಗೆಯೂ ನನ್ನ ರೇಷ್ಮೆ ಹುಳುವೂ

ಮದ್ದೂರು ಕಡೆಯ ನಮ್ಮೂರಲ್ಲಿ ನನ್ನ ರೇಷ್ಮೆ ಹುಳುವಿನ ಮನೆಗೂ ಭಾವನವರ ಆಲೆಮನೆಗೂ ನಡುವೆ ಇರುವುದು ನಮ್ಮ ಹಿಪ್ಪುನೇರಳೆ ತೋಟ ಮಾತ್ರ. ಭಾವ ಎಂದರೆ ನನ್ನ ಗಂಡನ ದೊಡ್ಡಪ್ಪನ ಮಗ. ಒಲೆಗೆ ಹಾಕುವ ಕಬ್ಬಿನ ರಚ್ಚು, ಅಂದರೆ ಹಾಲು ಹಿಂಡಿ ಉಳಿದ ಸಿಪ್ಪೆ, ಮಳೆಗೆ ಒಣಗದಿದ್ದಾಗಲೆಲ್ಲ ಅವರು ಒಲೆಗೆ ಹಳೇ ಟೈರು ತುಂಬುತ್ತಿದ್ದರು. ಅದರ ಮಸಿಯೆಲ್ಲ ನನ್ನ ಸೊಪ್ಪಿನ ಮೇಲೆ. ಹಾಗೇ ಹಾಕಿದರೂ ಹುಳು ಸಾಯುತ್ತದೆ, ತೊಳೆದು ಒದ್ದೆ ಸೊಪ್ಪು ಹಾಕಿದರೂ ಸಾಯುತ್ತದೆ. ಒಂದು ಬೆಳೆ ಪೂರ್ತಿ ತಿಪ್ಪೆಗೆ ಹೋಯಿತು. ಇನ್ನೊಂದು ಹೋದರೆ ಹುಳು ಸಾಕುವುದನ್ನೇ ಬಿಡಬೇಕಿತ್ತು. ಆಲೆಮನೆಗೆ ಬೀಗ ಹಾಕಿಸಿಯೇ ತೀರುತ್ತೇನೆಂದು ತಾಲ್ಲೂಕು ಕಚೇರಿಗೆ ಹೋಗಿ ಕೂಗಾಡಿ ಬಂದೆ.

ಕಚೇರಿಯವರು ಮಂಡ್ಯದಿಂದ ಪರಿಸರ ಅಧಿಕಾರಿಯನ್ನು ಕಳಿಸಿದರು. ಚಿಕ್ಕ ವಯಸ್ಸಿನ ಹೆಣ್ಣುಮಗಳು. ಆಲೆಮನೆಗೆ ಬಂದವರನ್ನು ಬರಿಗೈಲಿ ಕಳಿಸಬಾರದಲ್ಲ, ಭಾವ ಬಿಸಿ ಬೆಲ್ಲ ಕೊಟ್ಟರು. ಆಕೆ ತಿನ್ನುತ್ತಲೇ, "ಟೈರು ಸುಡೋದು ಇವತ್ತಿಗೆ ನಿಲ್ಬೇಕು. ಅದ್ರಲ್ಲಿ ರಾಜಿ ಇಲ್ಲ" ಎಂದರು. ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಅಷ್ಟರಲ್ಲೇ ನನ್ನ ಕಡೆ ತಿರುಗಿ, "ಇವರ ಒಲೆ ಹೇಗೆ ಉರೀಬೇಕು ಅಂತ ನೀವೂ ಯೋಚ್ನೆ ಮಾಡಿ" ಎನ್ನಬೇಕೇ!

"ನಾನ್ಯಾಕ್ ಯೋಚ್ನೆ ಮಾಡ್ಲಿ? ನನ್ ಉಳ ಸತ್ತಾಗ ಇವ್ರು ಮಾಡಿದ್ರಾ?" ಎಂದು ಹರಿಹಾಯ್ದೆ.

"ಸತ್ತಿದ್ದ ನಾನೆಲ್ ನೋಡ್ದೆ? ಒಳಕ್ಕೇ ಬುಡಾಕಿಲ್ವಲ್ಲಮ್ಮ ನೀನು" ಎಂದರು ಭಾವ.

ರೋಗ ತಗಲೀತೆಂದು ಹುಳುವಿನ ಮನೆಗೆ ಹೊರಗಿನವರನ್ನು ಬಿಡುವ ರೂಢಿ ನಮ್ಮಲ್ಲಿಲ್ಲ. "ಇವತ್ತೊಂದಿನ ಬಿಡಿ" ಎಂದರು ಮೇಡಂ. ಗೊಣಗುತ್ತಲೇ ಕೈಕಾಲು ತೊಳೆಸಿ ಇಬ್ಬರನ್ನೂ ಒಳಗೆ ಬಿಟ್ಟೆ. ಮಸಿ ಹತ್ತಿದ ಸೊಪ್ಪನ್ನು ತಿನ್ನದೆ ತಲೆಯೆತ್ತಿ ಕೂತಿದ್ದ ಹುಳುಗಳನ್ನು ಭಾವ ಬಗ್ಗಿ ಬಗ್ಗಿ ನೋಡಿದರು.

ಹೊರಗೆ ಬಂದ ಮೇಲೆ ಮೇಡಂ ಹಿತ್ತಲಿನ ಕಡ್ಡಿ ರಾಶಿ ತೋರಿಸಿ, "ಇದನ್ನೇನ್ ಮಾಡ್ತೀರಿ?" ಎಂದರು. ಹುಳು ಸೊಪ್ಪು ತಿಂದಾದ ಮೇಲೆ ಉಳಿದ ಹಿಪ್ಪುನೇರಳೆ ಕಡ್ಡಿ, ವರ್ಷಗಟ್ಟಲೆಯದು. ಭಾವ ಒಂದನ್ನು ಎಳೆದು ಮುರಿದು ನೋಡಿದರು. "ಚೆನ್ನಾಗ್ ಒಣಗವೆ ಕಣಮ್ಮ. ಕೊಟ್ಟೀಯಾ?"

ಮೇಡಂ ನನ್ನ ಮುಖ ನೋಡುತ್ತಾ ನಿಂತರು. ರಚ್ಚು ನೆನೆಯದಂತೆ ಶೀಟು ಹೊದಿಸಿದರೆ ಕೊಡುತ್ತೇನೆ ಎಂದೆ. ಭಾವ ಒಪ್ಪಿದರು. ಒಪ್ಪಂದ ನಾವಿಬ್ಬರೇ ಮಾಡಿಕೊಂಡಂತಾಯಿತು. ಆಮೇಲೂ ಆಕೆ ಕರೆಯದೆಯೇ ಬಂದು ಒಲೆ ನೋಡಿ ಹೋಗುತ್ತಿದ್ದರು. ಬೀಗ ಹಾಕುವುದು, ಇಲ್ಲವೇ ಕಣ್ಣು ಮುಚ್ಚಿಕೊಳ್ಳುವುದು, ಅಧಿಕಾರಿಗಳಿಗೆ ಗೊತ್ತಿರುವುದು ಇಷ್ಟೇ ಎಂದುಕೊಂಡಿದ್ದೆ. ಆಕೆಯ ಋಣ ನನ್ನ ಮೇಲೆ ದೊಡ್ಡದು.

ಆ ಬೆಳೆ ಉಳಿಯಿತು. ಹುಳು ಎಲ್ಲ ಒಟ್ಟಿಗೇ ಗೂಡು ಕಟ್ಟುವಷ್ಟು ಹಣ್ಣಾದವು. ಕೂಡಲೇ ಆರಿಸಿ ಬಿದಿರಿನ ಚಂದ್ರಿಕೆ ತಟ್ಟಿಗೆ ಬಿಡದಿದ್ದರೆ ಗೂಡು ಕೆಡುತ್ತದೆ, ಕೂಲಿಗೆ ಒಂದಾಳೂ ಸಿಗಲಿಲ್ಲ. ನಾನು ಅಳುವುದೊಂದು ಬಾಕಿ. ಅಷ್ಟರಲ್ಲಿ ಭಾವ ಒಲೆ ಆರಿಸಿ, ಹೆಂಡತಿಯನ್ನೂ ತಮ್ಮ ಆಳುಗಳನ್ನೂ ಕರೆದುಕೊಂಡು ಬಂದರು. ನಾನು ಕೇಳಿದ್ದ ಬೀಗ ಬಿದ್ದಿದ್ದರೆ ಇವರು ನನ್ನ ಹೊಸಿಲಿಗೆ ಬರುತ್ತಿದ್ದರೇ? ಕಾಲು ತೊಳೆದುಕೊಂಡು ಬಾಗಿಲಲ್ಲೇ ನಿಂತು, "ಒಳಕ್ ಬರ್ಲೇನಮ್ಮ?" ಎಂದರು.

"ಬನ್ನಿ ಭಾವ" ಎಂದೆ.