ತಿರುಗಿ ಕೊಟ್ಟ ಬನ್ನಿ

ದಸರೆಯ ದಿನ ವೈರಿ ಬಂಗಾರವೆಂದು ಬನ್ನಿ ಎಲೆ ಕೊಟ್ಟರೂ ಬೇಡ ಎನ್ನಬಾರದು ಎನ್ನುತ್ತಾರೆ ನಮ್ಮಲ್ಲಿ. ನಾನು ಬೇಡ ಎಂದಿದ್ದೇನೆ. ಪಶ್ಚಾತ್ತಾಪ ಇಲ್ಲ.

ಎಪ್ಪತ್ತರ ದಶಕದ ಕೊನೆ. ನಮ್ಮ ಮನೆ ಅನಗೋಳದಲ್ಲಿ. ನನ್ನ ಗಂಡ ಖಾನಾಪುರದ ಕಡೆ ಕಬ್ಬಿಗೆ ಔಷಧ ಸಿಂಪಡಿಸುವ ಪುಟ್ಟ ವಿಮಾನ ಹಾರಿಸುತ್ತಿದ್ದರು. ಖಂಡೆನವಮಿಯ ಆಯುಧಪೂಜೆಗೆ ಕಂಪನಿಯ ಶೆಡ್ಡಿನಲ್ಲಿ ನಟ್ಟು ಬಿಗಿಯುವ ಪಾನಾ, ಸುತ್ತಿಗೆಗಳನ್ನು ಜಮಖಾನೆಯ ಮೇಲಿಟ್ಟು ಚೆಂಡುಹೂ ಏರಿಸಿದೆವು; ಕುಂಕುಮ ಹಚ್ಚಿದವಳು ನಾನೇ. ಮರುದಿನ ಸಂಜೆ ಬನ್ನಿ ಮುರಿಯುವ ತನಕ ಅವನ್ನು ಯಾರೂ ಮುಟ್ಟುವಂತಿಲ್ಲ. ಪೂಜೆ ಮುಗಿದ ಮೇಲೆ ಮೆಕ್ಯಾನಿಕ್‌ಗೆ ಪೆಟ್ರೋಲ್ ಪೈಪಿನ ನಟ್ಟು ಬಿಗಿ ಮಾಡಿಲ್ಲವೆಂದು ನೆನಪಾಯಿತು.

"ಪೂಜಿ ಎಬ್ಬಿಸಬ್ಯಾಡೊ. ಸದ್ಯ ಕೈಲೆ ತಿರುವು, ನಾಳೆ ಸಂಜಿಕೆ ಪಾನಾ ಹಾಕೀಯಂತ" ಎಂದರು ಮಾಲೀಕರು. ನಾನೇ ಕಿವಿಯಾರೆ ಕೇಳಿದ್ದು.

ಮರುದಿನ ಬೆಳಗ್ಗೆ ಬೀಡಿ ಎಂಬ ಊರಿನ ದೊಡ್ಡ ರೈತರೊಬ್ಬರು ಅವಸರ ಮಾಡಿದರೆಂದು ಮಾಲೀಕರೇ ವಿಮಾನ ಕಳಿಸಿದರು. ನಟ್ಟು ಬಿಗಿ ಆಯಿತೇ ಎಂದು ಇವರು ಕೇಳಿದ್ದಕ್ಕೆ "ಆಗೇತಿ, ಹೋಗ್ರಿ" ಎಂದರಂತೆ. ಬೀಡಿಯ ಹೊಲದ ಮೇಲೆ ಪೈಪು ಕಳಚಿ ಎಂಜಿನ್ ನಿಂತಿತು. ವಿಮಾನ ಕಬ್ಬಿನೊಳಗೆ ಬಿತ್ತು. ಇವರ ಕಾಲು ಮುರಿಯಿತು, ಜೀವ ಉಳಿಯಿತು.

ಸಂಜೆ ಮಾಲೀಕರು ಆಸ್ಪತ್ರೆಗೆ ಬಂದು ನನ್ನ ಕೈಯಲ್ಲಿ ಬನ್ನಿ ಇಟ್ಟರು.

"ಬಂಗಾರದ್ಹಂಗ ಇರೂಣ್ರಿ. ವಿಮಾನ ಹೆಂಗ ಬಿತ್ತಂತ ಚೌಕಶಿ ಮಾಡಾವ್ರು ಬಂದ್ರ, ಪೆಟ್ರೋಲ್ ನೋಡದ ಹಾರಿಸಿದೆ ಅಂತ ಇವರ ಕಡಿಂದ ಹೇಳಸ್ರಿ. ಲೈಸನ್ಸ್ ಹೋದ್ರೂ ಶೆಡ್ಡಿನ್ಯಾಗ ಕುಂದ್ರೂ ಕೆಲಸಾ ಕೊಡ್ತೀನಿ."

ಹಾರುವುದು ಬಿಟ್ಟರೆ ಇವರಿಗೆ ಬೇರೇನೂ ಬೇಕಿರಲಿಲ್ಲ. ಇವರು ಗೋಡೆಯ ಕಡೆ ಮುಖ ತಿರುಗಿಸಿದರು. ನನಗೆ ಮೈಯೆಲ್ಲ ಉರಿಯಿತು. ಮಾಡಿದ್ದುಣ್ಣೋ ಮಹಾರಾಯ ಎನ್ನುವುದು ಮಾಡಿದವರಿಗೆ, ಬಿದ್ದವರಿಗಲ್ಲ.

"ನಿಮ್ಮ ಬಂಗಾರ ನಿಮ್ಮ ಹತ್ರನ ಇರ್ಲಿ" ಎಂದು ಬನ್ನಿಯನ್ನು ಅವರ ಅಂಗೈಗೇ ತಿರುಗಿ ಹಾಕಿದೆ.

ಇವರನ್ನು ಅತ್ತೆಯ ಕೈಗೆ ಬಿಟ್ಟು ನೇರ ಶೆಡ್ಡಿಗೆ ಹೋಗಿ ಪೂಜೆಯ ಮುಂದೆ ಕೂತೆ. ಪೂಜೆಯ ಪಾನಾ ಎತ್ತಲು ಬಂದ ಶೆಡ್ಡಿನವರಿಗೆ "ಮುಟ್ಟಿ ನೋಡ್ರಿ" ಎಂದೆ. ಯಾರೂ ಮುಟ್ಟಲಿಲ್ಲ. ಮೆಕ್ಯಾನಿಕ್ ಅಳುತ್ತ ಬಂದು ಪಕ್ಕದಲ್ಲಿ ಕೂತ. ಮರುದಿನ ವಿಚಾರಣೆಯವರು ಬಂದಾಗ ಹೂ ಬಾಡಿತ್ತು, ಪಾನಾದ ಮೇಲೆ ನಾನು ಹಚ್ಚಿದ ಕುಂಕುಮ ಒಂಚೂರೂ ಅಳಿಸಿರಲಿಲ್ಲ. ಅದನ್ನು ತೋರಿಸಿ, ಈ ಪಾನಾ ನಟ್ಟಿಗೆ ತಾಗಿಯೇ ಇಲ್ಲ ಎಂದೆ, ನಾನು ಕೇಳಿದ ಮಾಲೀಕರ ಮಾತನ್ನೂ ಹೇಳಿದೆ. ಮೆಕ್ಯಾನಿಕ್ "ಖರೇ ಐತ್ರಿ" ಎಂದ.

ನೌಕರಿ ಹೋಯಿತು, ಹೋಗಲಿ. ಲೈಸನ್ಸ್ ಉಳಿಯಿತು, ಕಾಲು ಕೂಡಿದ ಮೇಲೆ ಇವರು ಬೇರೆ ಕಂಪನಿಯ ವಿಮಾನ ಹಾರಿಸಿದರು. ಖಂಡೆನವಮಿಗೆ ನಮ್ಮ ಮನೆಯಲ್ಲಿ ಈಳಿಗೆಗೂ ಪೂಜೆ ಇದೆ. ಪಾನಾ ಮಾತ್ರ ಇವರ ಕಿಸೆಯಲ್ಲೇ ಇರುತ್ತದೆ. ಪೂಜೆಗೆ ಇಡಿ ಎಂದವರಿಗೆ ಉತ್ತರ ನಾನೇ ಕೊಡುತ್ತೇನೆ.