ಲೇಡಿ ಆಗ್ನೆಸ್ ಫೋಟೋಕ್ಕೆ ಹಾಕಿದ ಹಾರ

ನಂಬದವರನ್ನು ನಂಬಿಸುವ ಹಟ ನನಗಿಲ್ಲ. ಆ ರಾತ್ರಿ ಆ ಕೋಣೆಯಲ್ಲಿದ್ದವಳು ನಾನು. ಕಂಡದ್ದಕ್ಕೆ, ಕೇಳಿದ್ದಕ್ಕೆ ಒಂದು ಮಾತನ್ನೂ ಸೇರಿಸಿಲ್ಲ.

ದುಬೈಯಲ್ಲಿ ಟ್ರಾಮ್ ಹೊಸದಾಗಿ ಓಡತೊಡಗಿದ ವರ್ಷ. ಜುಮೇರಾದ ಒಂದು ವಿಲ್ಲಾದಲ್ಲಿ ನಾನು ಹೋಮ್ ನರ್ಸ್ ಆಗಿದ್ದೆ. ನೋಡಿಕೊಳ್ಳಬೇಕಿದ್ದದ್ದು ಲೇಡಿ ಆಗ್ನೆಸ್ ಎಂಬ ಇಂಗ್ಲಿಷ್ ಮುದುಕಿಯನ್ನು. ನಮ್ಮೂರು ಶಿರ್ವದ ಕ್ರೈಸ್ತರಲ್ಲಿ ಆಗ್ನೆಸ್‌ಗಳಿಗೇನೂ ಬರವಿಲ್ಲ, ಆದರೆ ಇವರು ಇಂಗ್ಲೆಂಡಿನ ಪ್ರಭು ಮನೆತನದ ಆಗ್ನೆಸ್! ‘ಲೇಡಿ’ ಅನ್ನದಿದ್ದರೆ ಚಮಚ ಎಸೆಯುತ್ತಿದ್ದರು. ನಾನು ಮುಟ್ಟಿದ ಲೋಟವನ್ನು ಮತ್ತೆ ತೊಳೆಸುತ್ತಿದ್ದರು. ನನಗೆ ಅವರನ್ನು ಕಂಡರೆ ಆಗುತ್ತಿರಲಿಲ್ಲ, ಮುಚ್ಚಿಡುವುದೇಕೆ?

ಅವರಿಗೆ ಕಂಡರಾಗದವರು ಅಕ್ಕ ರೋಸಲಿಂಡ್. ತಂದೆಯ ಮರದ ನೆಲದ ದೊಡ್ಡ ಬಂಗಲೆ, ಕುದುರೆಗಳು, ಬೇಟೆನಾಯಿಗಳು, ಕೊನೆಗೆ ಆಗ್ನೆಸ್‌ಗೆ ನಿಶ್ಚಯವಾಗಿದ್ದ ಹುಡುಗ... ಎಲ್ಲವೂ ಅಕ್ಕನ ಪಾಲಾಯಿತಂತೆ. ತಂಗಿ ತೈಲ ಕಂಪನಿಯ ಎಂಜಿನಿಯರ್ ಒಬ್ಬರನ್ನು ಮದುವೆಯಾಗಿ ಗಲ್ಫಿಗೆ ಬಂದರು, ಮತ್ತೆ ಅತ್ತ ತಲೆ ಹಾಕಲಿಲ್ಲ. ಗಂಡ ತೀರಿಕೊಂಡ ಮೇಲೆ ಒಬ್ಬನೇ ಮಗನ ಮನೆಯಲ್ಲಿದ್ದರು. ಹಜಾರದ ಗೋಡೆಯಲ್ಲಿ ಮಾತ್ರ ಅಕ್ಕತಂಗಿಯರ ಎಳೆ ವಯಸ್ಸಿನ ಫೋಟೋಗಳು ಅಕ್ಕಪಕ್ಕ ತೂಗುತ್ತಿದ್ದವು.

ಒಂದು ಸಂಜೆ ಇಂಗ್ಲೆಂಡಿನಿಂದ ಫೋನ್ ಬಂತು. ರೋಸಲಿಂಡ್ ತೀರಿಕೊಂಡಿದ್ದರು. ಮಗ ಕೆಲಸದ ಮೇಲೆ ಅಬುಧಾಬಿಗೆ ಹೋಗಿದ್ದ. ಲೇಡಿ ಅಳಲಿಲ್ಲ.

“ಸತ್ತವರಿಗೆ ನೀವು ಏನು ಮಾಡುತ್ತೀರಿ?” ಎಂದು ಕೇಳಿದರು.

“ಫೋಟೋಕ್ಕೆ ಹಾರ ಹಾಕಿ ಮೊಂಬತ್ತಿ ಹಚ್ಚುತ್ತೇವೆ.”

“ತರಿಸು.”

ಅಡುಗೆಯ ವಸಂತಣ್ಣ ಬರ್ ದುಬೈಯಿಂದ ಮಲ್ಲಿಗೆ ಹಾರ ತಂದರು. ಅಕ್ಕನ ಫೋಟೋದತ್ತ ಎತ್ತಿದ್ದೆ ಅಷ್ಟೆ, ಲೇಡಿಯ ಊರುಗೋಲು ನನ್ನ ಮೊಣಕೈಗೆ ಬಡಿಯಿತು.

“ಅವಳಿಗಲ್ಲ, ಮೂರ್ಖಳೇ! ನನ್ನದಕ್ಕೆ ಹಾಕು. ಹೂವು ಕೂಡ ಅವಳಿಗೆ ಸಿಗಬಾರದು.”

ವಸಂತಣ್ಣ ನನ್ನ ಕಿವಿಯ ಹತ್ತಿರ ಪಿಸುಗುಟ್ಟಿದರು. “ಬೇಡ ಮಾರಾಯ್ತಿ. ಜೀವ ಇರುವವರ ಫೋಟೋಕ್ಕೆ ಹಾರ ಹಾಕುದುಂಟಾ?”

“ಎಂತ ಮಾಡುದು ವಸಂತಣ್ಣ? ಹೇಳಿದ್ರೆ ಕೇಳುವ ಜನವಾ ಅದು?”

ಹಾಕಿದೆ.

ರಾತ್ರಿ ಲೇಡಿಯ ಕೋಣೆಯಲ್ಲೇ ಕುರ್ಚಿ ಹಾಕಿಕೊಂಡು ಕುಳಿತಿದ್ದೆ. ಎಸಿಯ ಗುಂಯ್ ಸದ್ದು ಬಿಟ್ಟರೆ ಬೇರೇನೂ ಇಲ್ಲ. ಮುಚ್ಚಿದ ಬಾಗಿಲಿನಾಚೆಯಿಂದ ಮಲ್ಲಿಗೆಯ ಘಾಟು... ಅದರ ಜೊತೆಗೆ ಮಳೆಯಲ್ಲಿ ನೆನೆದ ನಾಯಿಯ ವಾಸನೆ. ಆ ಮನೆಯಲ್ಲಿ ನಾಯಿ ಇರಲಿಲ್ಲ.

ಆಮೇಲೆ ಹೆಜ್ಜೆ ಸದ್ದು. ಹಳೆಯ ಮರದ ಹಲಗೆ ಕಿರುಗುಟ್ಟುವ ಹಾಗೆ... ನೆಲವೆಲ್ಲ ಮಾರ್ಬಲ್ ಇರುವ ವಿಲ್ಲಾದಲ್ಲಿ!

ಲೇಡಿ ಎಚ್ಚರವಾಗಿದ್ದರು. ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡರು.

“ಬಾಗಿಲು ಹಾಕಿದೆಯಾ?”

“ಹಾಕಿದ್ದೇನೆ, ಲೇಡಿ.”

“ಅವಳು ಒಳಗೆ ಬಂದರೆ ನನಗೆ ಜಾಗ ಇರುವುದಿಲ್ಲ... ನನ್ನ ಕೈ ಬಿಡಬೇಡ.”

ಅಷ್ಟು ದಿನ ನನ್ನನ್ನು ಬೈದ ಬಾಯಿ ಬೇಡಿಕೊಳ್ಳುತ್ತಿತ್ತು. ನನಗೆ ಪಾಪ ಅನಿಸಿತು. ಜಪಮಾಲೆಯ ಪ್ರಾರ್ಥನೆ ಹೇಳುತ್ತಾ ಕೈ ಬಿಡದೆ ಕುಳಿತೆ. ಹೆಜ್ಜೆಗಳು ಬಾಗಿಲವರೆಗೆ ಬಂದು ನಿಂತವು. ಬಾಗಿಲು ತೆರೆಯಲಿಲ್ಲ, ದೇವರಾಣೆ ತೆರೆಯಲಿಲ್ಲ. ಆದರೆ ನನ್ನ ಹಿಡಿತದಲ್ಲಿದ್ದ ಕೈ ಮೆಲ್ಲಗೆ ತಣ್ಣಗಾಯಿತು. ಮುದುಕಿಯ ಕಥೆ ಮುಗಿಯಿತು ಅಂದುಕೊಂಡೆ.

ಆಗ ಆ ಬೆರಳುಗಳು ನನ್ನ ಅಂಗೈಯನ್ನು ಸವರಿದವು.

“ನೀನು ತುಂಬಾ ಒಳ್ಳೆಯವಳು, ಮಗೂ. ಥ್ಯಾಂಕ್ ಯೂ.”

ಲೇಡಿ ಆಗ್ನೆಸ್ ಯಾರಿಗೂ ಥ್ಯಾಂಕ್ಸ್ ಹೇಳಿದವರಲ್ಲ.

ಬೆಳಿಗ್ಗೆ ಮಗ ಬಂದಾಗ ಅವನ ಕೆನ್ನೆ ತಟ್ಟಿ, “ಆಗ್ನೆಸ್‌ಳ ಮಗ ಇಷ್ಟು ಎತ್ತರವೇ!” ಎಂದು ನಕ್ಕರು. ವಯಸ್ಸು, ಸಾವಿನ ಆಘಾತ ಎಂದರು ಡಾಕ್ಟರ್. ಅಮ್ಮ ಕೊನೆಗೂ ಶಾಂತಳಾದಳೆಂದು ಮಗನಿಗೆ ಖುಷಿ. ನಾನು ಮುಟ್ಟಿದ ಲೋಟದಿಂದಲೇ ಈಗ ಅವರು ನೀರು ಕುಡಿಯುತ್ತಿದ್ದರು.

ಕೆಲವು ದಿನ ಕಳೆದು ಮತ್ತೊಂದು ರಾತ್ರಿ, ಅವರಿಗೆ ಮಾತ್ರೆ ಕೊಡುತ್ತಿದ್ದೆ. ಹೊರಗಿನಿಂದ ಯಾರೋ ಊರುಗೋಲಿನಿಂದ ಬಾಗಿಲು ಕುಟ್ಟಿದರು.

“ಮೂರ್ಖಳೇ, ಬಾಗಿಲು ತೆಗೆ! ಕೈ ಬಿಡಬೇಡ ಅಂದಿದ್ದೆನಲ್ಲ!”

ಆ ಬೈಗುಳ ನನಗೆ ಗೊತ್ತು. ಹಾಗೆ ಬೈಯುವವರು ಲೋಕದಲ್ಲಿ ಒಬ್ಬರೇ.

ಹಾಸಿಗೆಯಲ್ಲಿದ್ದವರು ನನ್ನ ಕೈಯನ್ನು ಮೆತ್ತಗೆ ಹಿಡಿದು ನಕ್ಕರು. “ಗಾಳಿ ಅಷ್ಟೇ, ಮಗೂ. ಕೂತುಕೋ.”

ಕುಟ್ಟುವ ಸದ್ದು ಸಣ್ಣಗಾಗುತ್ತಾ ಹೋಯಿತು... ಕೊನೆಗೆ ಬೈಗುಳವೂ ಅಳುವಾಯಿತು. ನಾನು ಬಾಗಿಲು ತೆಗೆಯಲಿಲ್ಲ.