ಯಾವ ಊರಿನ ಬೇನೆ

ನಮ್ಮ ಅತ್ತೆ ನೀಲಮ್ಮನವರಿಗೆ ರೋಗಗಳ ಹೆಸರು ಗೊತ್ತಿರಲಿಲ್ಲ, ಊರುಗಳ ಹೆಸರು ಗೊತ್ತಿದ್ದವು. ಹೊಟ್ಟೆ ಹಿಡಿದುಕೊಂಡು ಬಂದವರಿಗೆ "ಇದು ಕೊಪ್ಪಳದ ಬ್ಯಾನಿ, ದವಾಖಾನಿಗೆ ನಡಿ" ಅನ್ನುವರು. ಮೈಮೇಲೆ ಕೆಂಪಗೆ ಏನೇ ಎದ್ದರೂ "ಇದು ಕಿನ್ನಾಳದ್ದು." ಅಲ್ಲಿ ಗೊಂಬೆಗಳಿಗೆ ಬಣ್ಣ ಹಚ್ಚುವ ಮುದುಕರೊಬ್ಬರು ಸರ್ಪಸುತ್ತಿನ ಮೇಲೆ ಕೆಮ್ಮಣ್ಣಿನಿಂದ ಸಿಂಹ ಬರೆಯುತ್ತಿದ್ದರು, ಸಿಂಹವನ್ನು ಕಂಡರೆ ಸುತ್ತು ಮುಂದೆ ಹರಿಯುವುದಿಲ್ಲವೆಂದು ನಂಬಿಕೆ. ನಿಜಾಮರ ಆ ಕಾಲದಲ್ಲಿ ನಮ್ಮ ಓಣಿಯವರೆಲ್ಲ ಅತ್ತೆಯ ಕಟ್ಟೆಗೆ ಬಂದು ಫೈಸಲಾ ಕೇಳಿಕೊಂಡೇ ಬಂಡಿ ಹೂಡುತ್ತಿದ್ದರು.

ನಾನು ಸೊಸೆಯಾಗಿ ಬಂದ ಹೊಸತರಲ್ಲಿ ನನ್ನ ಬೆನ್ನಿಗೇ ಸುತ್ತು ಎದ್ದಿತು. ಅತ್ತೆ ಕಿನ್ನಾಳಕ್ಕೆ ಜೊತೆಗೆ ಬಂದು, "ಸಿಂಹದ ಬಾಲ ಸಣ್ಣದಾತು ನೋಡ್ರಿ. ಇಷ್ಟು ದೂರದಿಂದ ಬಂದೀವಿ, ಪೂರಾ ಬರೀರಿ" ಎಂದು ಮುದುಕರ ಹತ್ತಿರ ಜಗಳ ತೆಗೆದರು. ಸುತ್ತು ಒಣಗಿತು. ಆಮೇಲೆ ನನ್ನ ಬೆನ್ನೇ ಅವರಿಗೆ ಸಾಕ್ಷಿಯಾಯಿತು. ಬಂದ ಹೆಂಗಸರಿಗೆಲ್ಲ ನನ್ನ ಕುಪ್ಪಸ ಸರಿಸಿ ತೋರಿಸುವರು. ನನಗೆ ನಾಚಿಕೆ, ಅವರಿಗೆ ಹೆಮ್ಮೆ.

ಒಮ್ಮೆ ಹತ್ತಿ ಬಿಡಿಸುವಾಗ ಅವರ ಹಿಮ್ಮಡಿಯಲ್ಲಿ ಜಾಲಿಮುಳ್ಳು ಮುರಿಯಿತು. ಕಾಲು ಬಾತು, ಕೆಂಪು ಮೀನಖಂಡಕ್ಕೆ ಏರಿತು, ಚಳಿಜ್ವರ ಬಂತು. ನಮ್ಮ ಯಜಮಾನರು ಕೊಪ್ಪಳ ಅಂದರು.

"ಕೆಂಪಗೈತಿ ಅಂದ್ರ ಅದು ಕಿನ್ನಾಳದ್ದ," ಎಂದರು ಅತ್ತೆ. "ನಿನ್ನ ಹೇಣ್ತಿ ಬೆನ್ನು ನೋಡಿಲ್ಲೇನು?"

ಅವರ ಮಾತು ಮೀರುವ ಎದೆ ನಮ್ಮಲ್ಲಿ ಯಾರಿಗಿತ್ತು? ಕಿನ್ನಾಳಕ್ಕೇ ಹೋದೆವು. ಮುದುಕರು ಕಾಲು ನೋಡಿ ಹಿಂದೆಗೆದರು. "ಇದು ಸುತ್ತಲ್ಲ ಅನಸ್ತೈತ್ರಿ, ತಾಯಿ."

"ನೀವು ಬರೀರಿ," ಎಂದು ಅತ್ತೆ ಕಾಲು ಚಾಚಿದರು.

ಬರೆದರು. ಅವರ ಪಡಸಾಲೆಯಲ್ಲೇ ಉಳಿದೆವು. ಬೆಳಗ್ಗೆ ನೋಡಿದರೆ ಕೆಂಪು ಸಿಂಹವನ್ನು ದಾಟಿ ಮೊಣಕಾಲಿನ ಮೇಲಕ್ಕೆ ಹೋಗಿತ್ತು.

ಬಂಡಿಯನ್ನು ಕೊಪ್ಪಳದ ಕಡೆ ಹೊಡೆದೆವು. ಎತ್ತುಗಳು ಎಷ್ಟು ಓಡಿದರೂ ದಾರಿ ಸವೆಯಲೊಲ್ಲದು. ತೊಡೆಯ ಮೇಲೆ ಅತ್ತೆಯ ತಲೆ ಇಟ್ಟುಕೊಂಡು ಕುಳಿತಿದ್ದೆ. ಕಾದ ಹಂಚಿನಂತೆ ಸುಡುತ್ತಿತ್ತು. ಯಾರನ್ನೂ ಏನನ್ನೂ ಕೇಳದ ಅತ್ತೆ ಅವತ್ತು ನನ್ನ ಕೈ ಹಿಡಿದುಕೊಂಡು ಕೇಳಿದರು, "ಖರೇ ಹೇಳವ್ವ, ಇದು ಯಾವೂರ ಬ್ಯಾನಿ?"

"ಕೊಪ್ಪಳದ್ದು, ಅತ್ತಿ. ಇನ್ನೇನು ಊರು ಬಂತು."

"ಹಂಗಾರ ಜಲ್ದಿ ನಡೀರಿ."

ಊರು ಇನ್ನೂ ಕಣ್ಣಿಗೂ ಬಿದ್ದಿರಲಿಲ್ಲ.

ದವಾಖಾನೆಯಲ್ಲಿ ಕೆಮ್ಮಣ್ಣು ತೊಳೆದು ಕಾಲು ಸೀಳಿದರು. ವಿಷ ಮೈಗೆಲ್ಲ ಏರಿದೆ ಎಂದರು ಡಾಕ್ಟರು. ಸಂಜೆ ಅದೇ ಬಂಡಿಯಲ್ಲಿ ಅತ್ತೆಯನ್ನು ಮನೆಗೆ ತಂದೆವು, ಮಣ್ಣು ಮಾಡಲು.

ದಿನಕರ್ಮ ಮುಗಿದಿರಲಿಲ್ಲ. ಓಣಿಯ ಹೆಂಗಸೊಬ್ಬಳು ಮಗುವನ್ನೆತ್ತಿಕೊಂಡು ಬಂದು ಬರಿಗಟ್ಟೆಯ ಮುಂದೆ ನಿಂತಳು. ಮಗುವಿನ ತೋಳು ಕೆಂಪಗೆ ಬಾತಿತ್ತು.

"ಎಲ್ಲಿಗೆ ಹೋಗ್ಲಿ ಅಂತ ತಿಳೀವಲ್ದವ್ವ. ನಿನ್ನ ಬೆನ್ನು ಕಿನ್ನಾಳದಾಗ ಛಲೋ ಆಗಿತ್ತಲ್ಲ, ಒಂದೀಟು ತೋರಸು."

ನಾನು ಸೆರಗನ್ನು ಬೆನ್ನ ತುಂಬ ಹೊದ್ದುಕೊಂಡೆ. "ಕೊಪ್ಪಳಕ್ಕ ನಡಿ. ನಾನೂ ಬರ್ತೀನಿ," ಅಂದೆ.